ನೀವಿಲ್ಲದೆ ನಡೆಯುವ ಲೆಕ್ಕ

ಮನೆಯಿಂದ, ಅತ್ತೆಯ ಹೊಲಿಗೆ ಯಂತ್ರದ ಪಕ್ಕದ ಮೇಜು
ಭಾನುವಾರ, ೧೨ನೇ ತಾರೀಖು

ಪ್ರೀತಿಯ ಯಜಮಾನರಿಗೆ,

ದ್ವೀಪದ ಗಾಳಿಗೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಆಗಿದ್ದರೂ ಇಲ್ಲವೆಂದೇ ಬರೆಯುತ್ತೀರಿ, ಗೊತ್ತು. ಇಲ್ಲಿ ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಮಗಳು ಗೋಡೆ ಹಿಡಿದು ನಡೆಯುತ್ತಾಳೆ. ‘ಅಪ್ಪ’ ಅನ್ನುತ್ತಾಳೆ, ಆದರೆ ನಿಮ್ಮ ಫೋಟೋಗೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

‘ಉಬ್ಬರವಿಳಿತದ ಲೆಕ್ಕ ನನ್ನೊಬ್ಬನಿಗೇ ಬರುತ್ತೆ, ಬಿಟ್ಟು ಹೇಗೆ ಬರಲಿ’ ಎಂದು ಕಳೆದ ಸಲ ಬರೆದಿರಲ್ಲ, ಓದಿ ಮೊದಲು ಸಿಟ್ಟು ಬಂತು, ಆಮೇಲೆ ಹಟ ಬಂತು. ನಾನೂ ಕಂಪ್ಯೂಟರಿನಿಂದಲೇ ಅನ್ನ ತಿನ್ನುವವಳು. ಆ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದೆ. ಚಿತ್ರ, ಬಟನ್ನು ಏನೂ ಇಲ್ಲ. ಸಮುದ್ರದ ನೀರಿನ ಮಟ್ಟ ಅಳೆಯುವ ನಿಮ್ಮ ಠಾಣೆಯ ಹಳೇ ಕಂಪ್ಯೂಟರಿಗೆ ಅವೆಲ್ಲ ಭಾರ. ಕಪ್ಪು ಪರದೆಯಲ್ಲಿ ‘ಉಬ್ಬರ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ನೀರಿನ ಮಟ್ಟ, ಹೊತ್ತು, ಗಾಳಿ ಎಲ್ಲ ಒಂದೊಂದಾಗಿ ಕೇಳಿ ದಿನದ ವರದಿ ಹಾಕಿಕೊಡುತ್ತದೆ. ಮನೆಯಲ್ಲಿದ್ದ ನಿಮ್ಮ ಹಳೆಯ ವರದಿಗಳ ಜೊತೆ ಹೋಲಿಸಿದೆ. ಒಂದು ಬಿಟ್ಟು ಎಲ್ಲವೂ ತಾಳೆಯಾದವು. ಆ ಒಂದರಲ್ಲಿ ತಪ್ಪಿದ್ದು ನೀವು.

ಬರೆದವಳೇ ಪರೀಕ್ಷೆ ಮಾಡಿದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಅತ್ತೆಯನ್ನು ನನ್ನ ಕಂಪ್ಯೂಟರಿನ ಮುಂದೆ ಕೂರಿಸಿದೆ. ನೀರಿನ ಮಟ್ಟ ಎಷ್ಟು ಎಂದು ಕೇಳಿದ್ದಕ್ಕೆ ‘ನಿನ್ನೆಯಷ್ಟೇ’ ಎಂದು ಟೈಪ್ ಮಾಡಿದರು. ಪ್ರೋಗ್ರಾಂ ಬೋರಲು ಬಿತ್ತು. ‘ಅದು ಕೇಳ್ತು, ನಾನು ಹೇಳ್ದೆ, ನನ್ನದೇನಮ್ಮ ತಪ್ಪು’ ಅಂದರು. ತಪ್ಪು ನನ್ನದೇ. ಈಗ ಅದು ‘ಇವತ್ತಿನ ಅಂಕಿ ಕೊಡಿ’ ಎಂದು ಮರ್ಯಾದೆಯಿಂದ ಕೇಳುತ್ತದೆ. ಸರಿಯೇ ಎಂದು ಕೇಳಿದಾಗ ‘ಹೂಂ’ ಅಂದರೂ ಒಪ್ಪಿಕೊಳ್ಳುತ್ತದೆ.

ನಿಜವಾದ ಕಷ್ಟ ಬಂದದ್ದು ಬೇರೆ ಕಂಪ್ಯೂಟರಿಗೂ ಹಾಕುವಂತೆ ಅದನ್ನು ಪ್ಯಾಕೇಜು ಕಟ್ಟುವಾಗ. ನನ್ನ ಕಂಪ್ಯೂಟರಿನಲ್ಲಿ ಸಲೀಸಾಗಿ ಇನ್‌ಸ್ಟಾಲ್ ಆಯಿತು. ಅತ್ತೆಯ ಕಂಪ್ಯೂಟರಿನಲ್ಲಿ ಹಾಕುತ್ತಿದ್ದಾಗ ಅವರು ಇಸ್ತ್ರಿಪೆಟ್ಟಿಗೆಗೆ ಜಾಗ ಬೇಕೆಂದು ಇಂಟರ್ನೆಟ್ ಡಬ್ಬಿಯ ಪ್ಲಗ್ ಕಿತ್ತರು. ಎಲ್ಲ ಅರ್ಧಕ್ಕೇ ನಿಂತಿತು. ಅವರ ಮೇಲೆ ಸಿಡುಕಿದೆ. ಮರುಕ್ಷಣವೇ ವಿಷಯ ಹೊಳೆಯಿತು. ಲೆಕ್ಕಕ್ಕೆ ಬೇಕಾದ ಒಂದು ಭಾಗವನ್ನು ಆ ಪ್ಯಾಕೇಜು ಸದ್ದಿಲ್ಲದೆ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತಿತ್ತು. ನಿಮ್ಮ ದ್ವೀಪದಲ್ಲಿ ಇಂಟರ್ನೆಟ್ ಎಲ್ಲಿದೆ? ಹಾಗೇ ಕಳಿಸಿದ್ದರೆ ಅದು ಅಲ್ಲಿ ಬಾಯಿ ಬಿಟ್ಟುಕೊಂಡು ಕೂರುತ್ತಿತ್ತು, ನೀವೂ ಅಲ್ಲೇ ಕೂರುತ್ತಿದ್ದಿರಿ. ವಾರವಿಡೀ ಪಟ್ಟು ಹಿಡಿದು ಬೇಕಾದದ್ದನ್ನೆಲ್ಲ ಒಂದೇ ಪ್ಯಾಕೇಜಿನೊಳಗೆ ತುಂಬಿದೆ. ಆಮೇಲೆ ಹಳೆಯದನ್ನು ಅಳಿಸಿ, ಪ್ಲಗ್ಗನ್ನು ನಾನೇ ಕಿತ್ತು, ಮೊದಲಿನಿಂದ ಹಾಕಿ ನೋಡಿದೆ. ನಡೆಯಿತು. ‘ನನ್ನಿಂದಲೇ ಆಯ್ತು ಅಂತ ಬರಿ’ ಎಂದು ಅತ್ತೆ ಅಪ್ಪಣೆ ಕೊಟ್ಟರು. ಬರೆದಿದ್ದೇನೆ.

ಪೆನ್‌ಡ್ರೈವ್ ಈ ಕಾಗದದ ಜೊತೆಗೆ ಅತ್ತೆ ಹೊಲಿದ ಪುಟ್ಟ ಚೀಲದಲ್ಲಿದೆ. ಕಿವಿಗೆ ಬಟ್ಟೆ ಸುತ್ತಿಕೊಂಡೇ ಹೊರಗೆ ಹೋಗಿ. ಅತ್ತೆಯ ಆಶೀರ್ವಾದ, ಮಗಳ ಜೊಲ್ಲಿನ ಮುತ್ತು ನಿಮಗೆ.

ಇಂತು,
ನೀವು ಹಟಮಾರಿ ಎಂದು ಕರೆಯುವ
ನಿಮ್ಮವಳು

ಮರೆತಿದ್ದೆ: ಮೊನ್ನೆ ನಿಮ್ಮ ಕಚೇರಿಗೆ ಹೋಗಿ ದೊಡ್ಡ ಸಾಹೇಬರ ಮುಂದೆ ಇದನ್ನು ಓಡಿಸಿ ತೋರಿಸಿದೆ. ಬೇರೆಯವರ ಕೈಯಲ್ಲೂ ಲೆಕ್ಕ ಸರಿಬಂದರೆ ನೀವು ಮನೆಗೆ ಬರಬಹುದು ಎಂದು ಒಪ್ಪಿದರು. ಈ ಕಾಗದ ನಿಮ್ಮ ಕೈಗೆ ಕೊಟ್ಟವರೇ ನಿಮ್ಮ ಬದಲಿಗೆ ಬಂದವರು. ಅವರಿಗೆ ಆ ಲೆಕ್ಕದ ಗಂಧಗಾಳಿ ಇಲ್ಲ. ಬೇಕೆಂದೇ ಅಂಥವರನ್ನು ಕಳಿಸಿ ಎಂದು ಸಾಹೇಬರನ್ನು ಕೇಳಿದೆ. ಚೀಲ ಅವರಿಗೆ ಕೊಟ್ಟು, ಕೈಕಟ್ಟಿ ಹಿಂದೆ ನಿಲ್ಲಿ. ಬಾಯಿ ಹಾಕಬೇಡಿ, ಹೇಳಿಕೊಟ್ಟರೆ ಪರೀಕ್ಷೆ ಕೆಟ್ಟ ಹಾಗೆ. ತಪ್ಪಾದರೆ ಎರರ್ ಏನೆಂದು ಬರೆದು ಕಳಿಸಿ, ಸರಿಮಾಡಿ ಮತ್ತೆ ಕಳಿಸುತ್ತೇನೆ. ವರದಿ ಸರಿಯಾಗಿ ಬಂದರೆ ನಿಮ್ಮ ಬಟ್ಟೆಬರೆ ಕಟ್ಟಿ. ದೋಣಿಯವನಿಗೆ ಹೇಳಿದ್ದೇನೆ, ಸಂಜೆಯವರೆಗೆ ಕಾಯುತ್ತಾನೆ.