ಅಳತೆಗೆ ಕೊಟ್ಟ ಕಪ್ಪು ರವಿಕೆ

ಚಾಮರಾಜಪೇಟೆ
ಭಾನುವಾರ, 14 ಜುಲೈ 2024

ಮೈತ್ರೇಯಿ,

ದಿನಾ ಸ್ಟಾಫ್ ರೂಮಿನಲ್ಲಿ ಪಕ್ಕದಲ್ಲೇ ಕೂತು ನಿನ್ನ ಡಬ್ಬಿಗೆ ಕೈ ಹಾಕಿ ಉಪ್ಪಿನಕಾಯಿ ತಿನ್ನುವವಳು ಕಾಗದ ಯಾಕೆ ಬರೆದಳು ಅಂತ ನಿನಗೆ ಅನ್ನಿಸಬಹುದು. ಎದುರಿಗೆ ಕೂತರೆ ನನ್ನ ಮಾತು ಬೇರೆ ದಾರಿ ಹಿಡಿಯುತ್ತದೆ. ಹತ್ತು ದಿನದಿಂದ ಹಾಗೇ ಆಗಿದೆ. ಹೇಳಬೇಕಾದದ್ದು ಬಾಯಿಗೆ ಬಂದಾಗಲೆಲ್ಲ ನಾನು ಹುರುಳಿಕಾಳು ಸಾರಿನ ವಿಷಯ ಎತ್ತಿದ್ದೇನೆ. ಇವತ್ತು ಮಕ್ಕಳಿಬ್ಬರೂ ಅವರಪ್ಪ ಮುತ್ತುರಾಜ್ ಜೊತೆ ಆಟದ ಮೈದಾನಕ್ಕೆ ಹೋಗಿದ್ದಾರೆ, ಅತ್ತೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಾರೆ, ಅನ್ನಕ್ಕೆ ಇಟ್ಟು ಬರೆಯಲು ಕೂತಿದ್ದೇನೆ. ಈ ಕಾಗದದ ಜೊತೆ ಒಂದು ಕವರ್ ಇದೆ. ಓದಿ ಮುಗಿಸುವವರೆಗೆ ಅದನ್ನು ಬಿಚ್ಚಬೇಡ.

ಮಾಗಡಿ ಆಚೆಯ ನಮ್ಮೂರಿನಲ್ಲಿ ಅಜ್ಜಿ ಕಥೆ ಹೇಳುವಾಗ ಕೇಳುವವರು ಹ್ಞೂಂ ಅನ್ನಲೇಬೇಕಿತ್ತು. ಹ್ಞೂಂ ನಿಂತರೆ ಕಥೆಯೂ ನಿಂತಿತು ಅಂತ ಲೆಕ್ಕ. ಕಾಗದದಲ್ಲಿ ಆ ಅನುಕೂಲ ಇಲ್ಲ. ನೀನು ಹ್ಞೂಂ ಅಂದರೂ ಅನ್ನದಿದ್ದರೂ ನಾನು ಹೇಳಿ ಮುಗಿಸಬೇಕು.

ನನ್ನ ಬೀರುವಿನಲ್ಲಿ ಅರವತ್ತೆರಡು ಸೀರೆ ಇವೆ. ಮದುವೆಗೆ ಬಂದದ್ದು, ಗೌರಿ ಹಬ್ಬಕ್ಕೆ ತವರಿನಿಂದ ಬಂದದ್ದು, ಯಾರದೋ ಗೃಹಪ್ರವೇಶಕ್ಕೆ ಹೋಗಿ ತಾಂಬೂಲದ ಜೊತೆ ತಂದದ್ದು. ಬೆಳಿಗ್ಗೆ ಏಳೂವರೆಗೆ ಬೀರು ತೆಗೆದರೆ ಉಡುವುದಕ್ಕೆ ಒಂದೂ ಇಲ್ಲ. ಒಂದಕ್ಕೆ ಫಾಲ್ ಹಾಕಿಸಿಲ್ಲ. ಇನ್ನೊಂದರ ರವಿಕೆ ದೊಡ್ಡವನು ಕೈಲಾಸ್ ಹುಟ್ಟುವುದಕ್ಕೆ ಮುಂಚಿನದು, ಕೊಕ್ಕೆ ಹಾಕಿದರೆ ಉಸಿರು ಬಿಡುವ ಹಾಗಿಲ್ಲ. ಮತ್ತೊಂದು ರೇಷ್ಮೆ, ಅದನ್ನುಟ್ಟು ಒಂಬತ್ತನೇ ತರಗತಿಗೆ ಸಂಧಿ ಹೇಳಿಕೊಡಲು ಆಗುವುದಿಲ್ಲ. ಅಷ್ಟರಲ್ಲಿ ಚಿಕ್ಕವಳು ಜಡೆ ಹಾಕು ಅಂತ ಬಂದು ನಿಲ್ಲುತ್ತಾಳೆ, ಕುಕ್ಕರ್ ಕೂಗುತ್ತದೆ, ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು, ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು ನಾನು ಶಾಲೆಗೆ ಓಡುತ್ತೇನೆ. ಮನೆ ಎರಡು ಬೀದಿ ದೂರ. ಆದರೂ ಪ್ರಾರ್ಥನೆ ಶುರುವಾದ ಮೇಲೇ ತಲುಪುವುದು.

ನೀನು ಎರಡು ವರ್ಷದ ಹಿಂದೆ ಬಂದೆ. ಮಲ್ಲೇಶ್ವರದಲ್ಲಿ ಮಗಳು ಆರಾಧನಾಗೆ ತಿಂಡಿ ತಿನ್ನಿಸಿ, ನಿನ್ನ ಅಮ್ಮನ ಕೈಗೆ ಒಪ್ಪಿಸಿ, ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು ಆ ಜನಜಂಗುಳಿಯಲ್ಲಿ ನಡೆದು ಬರುವವಳು. ಬಂದು ನಿಂತರೆ ನೆರಿಗೆ ಒಂದೂ ಅಲುಗಿರುತ್ತಿರಲಿಲ್ಲ. ಮೊದಲನೇ ವಾರವೇ ಹೆಡ್ ಮಿಸ್ಟ್ರೆಸ್ ಮಹಾನಂದ ಮೇಡಂ ಎಲ್ಲರ ಮುಂದೆ, ಮನೆಯಲ್ಲಿ ಚಿಕ್ಕ ಮಗು ಇಟ್ಟುಕೊಂಡು ಇವರು ಹೇಗೆ ಬರುತ್ತಾರೆ ನೋಡಿ ಅಂದರು. ನೋಡಿ ಅಂದದ್ದು ಎಲ್ಲರಿಗೂ, ಅವರ ಕಣ್ಣು ಮಾತ್ರ ನನ್ನ ಬಾಯಲ್ಲಿದ್ದ ಪಿನ್ನಿನ ಮೇಲಿತ್ತು.

ಆಮೇಲೊಂದು ದಿನ ನಲ್ಲಿಯ ಹತ್ತಿರ ಹತ್ತನೇ ಬಿ ವಿಭಾಗದ ಹುಡುಗಿಯರು ಮಾತಾಡಿಕೊಳ್ಳುವುದು ಕೇಳಿಸಿತು.

"ಮೈತ್ರೇಯಿ ಮಿಸ್ ಹತ್ರ ಎಷ್ಟು ಸೀರೆ ಇರ್ಬೋದೇ?"

"ನೂರಾದ್ರೂ ಇರ್ತವೆ ಕಣೇ. ಭಾಗ್ಯ ಮಿಸ್ ಪಾಪ, ಇರೋ ನಾಕನ್ನೇ ಉಡ್ತಾರೆ."

ಪಾಪ ಅಂದದ್ದು ನನ್ನ ಎದೆಗೆ ಚುಚ್ಚಿತು. ನಗಬೇಡ. ಅವತ್ತೇ ಪಾಠದ ಡೈರಿಯ ಹಿಂದಿನ ಹಾಳೆಯಲ್ಲಿ ನಿನ್ನ ಸೀರೆಗಳನ್ನು ಬರೆದಿಡಲು ಶುರು ಮಾಡಿದೆ. ಸೋಮವಾರ ಬೂದು, ಕಪ್ಪು ರವಿಕೆ. ಮಂಗಳವಾರ ಎಲೆಹಸಿರು, ಕೆನೆಬಣ್ಣದ ರವಿಕೆ. ಆರು ವಾರ ಬರೆದೆ. ಹಾಜರಿ ಪುಸ್ತಕವನ್ನೂ ನಾನು ಅಷ್ಟು ನಿಷ್ಠೆಯಿಂದ ಬರೆದವಳಲ್ಲ. ನೋಡಿದರೆ ನಿನ್ನ ಹತ್ತಿರ ಇದ್ದದ್ದು ಆರೇ ಸೀರೆ, ಮೂರೇ ರವಿಕೆ. ಕಪ್ಪು, ಕೆನೆ, ಕುಂಕುಮ. ಯಾವುದರ ಮೇಲೆ ಯಾವುದು ಹಾಕಿದರೂ ಒಪ್ಪುವ ಹಾಗೆ ಆರಿಸಿಟ್ಟಿದ್ದೆ.

ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ನೂರು ಇದ್ದಿದ್ದರೆ, ಇರುವವರ ಮನೆ ಹುಡುಗಿ ಅಂತ ಬಿಟ್ಟುಬಿಡುತ್ತಿದ್ದೆ. ನನ್ನ ಅರವತ್ತೆರಡು ಮಾಡಲಾರದ್ದನ್ನು ನಿನ್ನ ಆರು ಮಾಡುತ್ತಿದ್ದವು. ಇದು ಮಲ್ಲೇಶ್ವರದ ಮನೆಗಳಲ್ಲಿ ಹುಟ್ಟುವಾಗಲೇ ಕೈಗೆ ಕೊಟ್ಟು ಕಳಿಸುವ ವಿದ್ಯೆ, ನಮ್ಮಂಥವರಿಗೆ ಬರುವುದಲ್ಲ ಅಂತಲೂ ಅಂದುಕೊಂಡೆ. ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದ ಹಾಗೆ ಆಗುತ್ತಿತ್ತು.

ನೆನಪಿದೆಯಾ, ಒಂದು ಮಧ್ಯಾಹ್ನ ಏನೂ ತಿಳಿಯದವಳ ಹಾಗೆ ಕೇಳಿದೆ, ನಿನಗೆ ಬೆಳಿಗ್ಗೆ ಹೊತ್ತು ಹೇಗೆ ಸಾಲುತ್ತದೆ ಅಂತ. ನೀನು ಮುಚ್ಚುಮರೆ ಇಲ್ಲದೆ ಹೇಳಿದೆ.

"ಆರು ಸೀರೆ, ಮೂರು ಬ್ಲೌಸು, ಒಂದೇ ಥರದ ಕಪ್ಪು ಲಂಗ ಭಾಗ್ಯಕ್ಕ. ಇಸ್ತ್ರಿ ಬೇಡದ ಬಟ್ಟೆ ನೋಡಿ ತಗೊಂಡಿದೀನಿ. ಭಾನುವಾರ ವಾರಕ್ಕೆಲ್ಲ ಜೋಡಿಸಿ ಇಟ್ಬಿಡ್ತೀನಿ. ಬೆಳಿಗ್ಗೆ ಯೋಚ್ನೆ ಮಾಡೋದಕ್ಕೆ ತಲೆ ಇರಲ್ಲ. ಅಲ್ದೆ ಅಪ್ಪನ ಮನೆ ಬೀರುವಲ್ಲಿ ನಂಗೂ ಆರಾಧನಾಗೂ ಸೇರಿ ಒಂದೇ ಖಾನೆ."

ಗಂಡನ ಮನೆ ಬಿಟ್ಟು ನೀನು ಒಂದೇ ಸೂಟ್‌ಕೇಸ್ ಹಿಡಿದು ಬಂದದ್ದು ನನಗೆ ಗೊತ್ತಿತ್ತು. ಆದರೂ ಅವತ್ತು ಕೊನೆಯ ಮಾತು ಕಿವಿಯೊಳಗೆ ಇಳಿಯಲಿಲ್ಲ. ಗುಟ್ಟನ್ನು ಇಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ, ನಾನಾಗಿದ್ದರೆ ಹೇಳುತ್ತಿರಲಿಲ್ಲವಲ್ಲ ಅಂತ ಅದಕ್ಕೂ ಉರಿದೆ.

ಈಗ ಜೂನ್ ಕೊನೆಯ ಶನಿವಾರಕ್ಕೆ ಬರುತ್ತೇನೆ. ಸೋಮವಾರ ಆಡಳಿತ ಮಂಡಳಿಯವರು ಬಂದು ನಿನ್ನ ಪಾಠ ನೋಡುವುದಿತ್ತು. ಒಪ್ಪಿದರೆ ಕೆಲಸ ಖಾಯಂ. ಖಾಯಂ ಆದರೆ ಶಾಲೆಯ ಹತ್ತಿರವೇ ಒಂದು ಚಿಕ್ಕ ಬಾಡಿಗೆ ಮನೆ ಮಾಡಿ ಮಗಳನ್ನು ಕರೆದುಕೊಂಡು ಬರುತ್ತೇನೆ ಅಂತ ನೀನು ಎರಡು ತಿಂಗಳಿಂದ ಹೇಳುತ್ತಿದ್ದೆ. ಆ ಕೆಲಸಕ್ಕೂ ನನಗೂ ಸಂಬಂಧವಿಲ್ಲ. ನಾನು ಖಾಯಂ ಆಗಿ ಹನ್ನೊಂದು ವರ್ಷವಾಯಿತು. ನಿನಗೆ ಸಿಕ್ಕರೂ ಸಿಗದಿದ್ದರೂ ನನಗೆ ಬರುವುದು ಹೋಗುವುದು ಏನೂ ಇರಲಿಲ್ಲ. ಇದನ್ನು ಚೆನ್ನಾಗಿ ತಿಳಿದುಕೋ ಅಂತಲೇ ಬರೆಯುತ್ತಿದ್ದೇನೆ.

ಅವತ್ತು ಸಂಜೆ ಶೀನಣ್ಣನ ಅಂಗಡಿಗೆ ಹೋದೆ. ಆ ಟೈಲರನ್ನು ನಿನಗೆ ತೋರಿಸಿದ್ದೇ ನಾನು. ನಿನ್ನ ಹಾಗೆ ನಾನೂ ಮೂರು ರವಿಕೆ ಹೊಲಿಸಬೇಕು ಅಂತ ಬಟ್ಟೆ ತೆಗೆದುಕೊಂಡು ಹೋಗಿದ್ದೆ. ಅವನು ಅಳತೆಗೆ ಹಳೆಯ ರವಿಕೆ ತಂದಿಲ್ಲವಾ ಅಂದ. ಗೊತ್ತಲ್ಲ, ಅವನು ಟೇಪು ಮುಟ್ಟುವುದಿಲ್ಲ, ಮೈಗೆ ಕೂತ ಒಂದು ರವಿಕೆ ಅವನ ಕೈಗೆ ಕೊಡಲೇಬೇಕು. ನನ್ನ ಹತ್ತಿರ ಮೈಗೆ ಕೂತದ್ದು ಒಂದಾದರೂ ಇದ್ದರೆ ತಾನೇ? ಪೆಚ್ಚಾಗಿ ನಿಂತಿದ್ದಾಗ ಅವನೇ ಗೂಟದಿಂದ ಒಂದು ಕವರ್ ಇಳಿಸಿದ. ಅಳತೆಗೆ ನೀನು ಕೊಟ್ಟಿದ್ದ ಹಳೆಯ ಕಪ್ಪು ರವಿಕೆ, ಅದರ ಪ್ರಕಾರ ಹೊಲಿದ ಹೊಸ ಕಪ್ಪು, ಹರಿದುಹೋದದ್ದರ ಬದಲಿಗೆ ಹೊಸ ಕುಂಕುಮ.

"ಮೈತ್ರೇಯಿ ಮಿಸ್ ಇವತ್ತು ಬರ್ತೀನಿ ಅಂದಿದ್ರು, ಬರ್ಲಿಲ್ಲ. ಸೋಮವಾರಕ್ಕೆ ಬೇಕೇ ಬೇಕಂತೆ. ನೀವೇ ಮುಟ್ಟಿಸ್ಬಿಡಿ ಮಿಸ್, ಒಂದೇ ಸ್ಕೂಲಲ್ವಾ?"

ಹ್ಞೂಂ ಅಂದೆ. ತಂದೆ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಮೊದಲು ಮರೆತೆ ಅಂತ ಬರೆಯೋಣ ಅಂದುಕೊಂಡಿದ್ದೆ. ಮರೆಯಲಿಲ್ಲ ಮೈತ್ರೇಯಿ. ಕವರನ್ನು ಬೀರುವಿನಲ್ಲಿ ನನ್ನ ಧಾರೆ ಸೀರೆಯ ಕೆಳಗೆ ಇಟ್ಟು, ಮುಟ್ಟದೆ, ಬಾಗಿಲು ಹಾಕಿದೆ. ಒಂದು ದಿನ ಇವಳೂ ನನ್ನ ಹಾಗೆ ಬರಲಿ ಅನ್ನಿಸಿತು. ಒಂದೇ ಒಂದು ದಿನ. ಆ ದಿನ ಸೋಮವಾರವೇ ಅನ್ನುವುದು ಗೊತ್ತಿದ್ದೂ ಹಾಗನ್ನಿಸಿತು.

ಸೋಮವಾರ ನೀನು ಬಂದೆ. ಮಗಳಿಗೆ ಜ್ವರ, ಔಷಧಿ ಚೆಲ್ಲಿ ಕೆನೆಬಣ್ಣದ ರವಿಕೆ ಕಲೆಯಾಗಿತ್ತು. ಬೂದು ಸೀರೆಯ ಮೇಲೆ ನಿನ್ನ ಅಮ್ಮನ ನೇರಳೆ ರವಿಕೆ ಜೋಲುತ್ತಿತ್ತು. ಒಂದು ಗಳಿಗೆ ನನ್ನ ಹೊಟ್ಟೆ ತಂಪಾಯಿತು. ಸುಳ್ಳು ಯಾಕೆ ಹೇಳಲಿ? ನೀನು ಸೀದಾ ನನ್ನ ಹತ್ತಿರ ಬಂದು, ಪಿನ್ ಇದೆಯಾ ಭಾಗ್ಯಕ್ಕ ಅಂತ ಕೇಳಿ, ಬೆನ್ನು ತಿರುಗಿಸಿ ನಿಂತೆ. ನಾಲ್ಕು ಪಿನ್ನು ಹಾಕಿದೆ. ಭುಜದ ಹತ್ತಿರ ಬಟ್ಟೆ ನಿಲ್ಲಲಿಲ್ಲ.

"ಕೈ ಮೇಲೆತ್ಬೇಡ. ಎತ್ತಿದ್ರೆ ಕಿತ್ಕೊಂಡು ಬರುತ್ತೆ" ಅಂದೆ.

ನೀನು ಎತ್ತಲಿಲ್ಲ. ನಾನು ಕಿಟಕಿಯಾಚೆ ನಿಂತು ನೋಡಿದೆ. ಮಸೂರದ ಪಾಠ. ಒಬ್ಬ ಹುಡುಗಿಯ ಕನ್ನಡಕ, ಒಂದು ಲೋಟ ನೀರು ಹಿಡಿದುಕೊಂಡು ನೀನು ನಲವತ್ತು ನಿಮಿಷ ಹೇಳಿದೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಆದರೆ ಹಲಗೆಯ ಮೇಲೆ ಒಂದು ಗೆರೆ ಇಲ್ಲ, ಒಂದು ಚಿತ್ರ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಮಂಡಳಿಯ ಮೂವರ ಕೈಯಲ್ಲೂ ಇದ್ದ ನಮೂನೆಯಲ್ಲಿ ಕಪ್ಪುಹಲಗೆಯ ಬಳಕೆ ಅಂತ ಒಂದು ಕಲಂ ಇತ್ತು. ಬುಧವಾರ ಬಂದ ಆದೇಶವನ್ನು ನೀನೇ ನನಗೆ ಓದಿ ಹೇಳಿದೆ, ಇನ್ನೊಂದು ವರ್ಷ ತಾತ್ಕಾಲಿಕ ಅಂತ. ಓದಿ ಮಡಚಿ ಪರ್ಸಿಗೆ ಹಾಕಿಕೊಂಡು, ಆರಾಧನಾಗೆ ಹೊಸ ಮನೆಗೆ ಹೋಗೋಣ ಅಂದುಬಿಟ್ಟಿದ್ದೆ ಅಂದೆ. ನಾನು ಸಾರಿನ ವಿಷಯ ಎತ್ತಿದೆ.

ಮೊನ್ನೆ ಶುಕ್ರವಾರ ಶೀನಣ್ಣನ ಹತ್ತಿರ ಮತ್ತೆ ಹೋಗಿದ್ದೆ. ಅವನು ಯಂತ್ರ ತುಳಿಯುತ್ತಲೇ ಹೇಳಿದ, ಆ ಭಾನುವಾರ ಹನ್ನೊಂದು ಗಂಟೆಗೆ ನೀನು ಮಲ್ಲೇಶ್ವರದಿಂದ ಬಂದಿದ್ದೆಯಂತೆ. ಭಾಗ್ಯ ಮಿಸ್ ಹತ್ತಿರ ಕೊಟ್ಟಿದ್ದೇನೆ, ಮನೆ ಇಲ್ಲೇ ತಿರುವಿನಲ್ಲಿ ಅಂತ ಕೈ ತೋರಿಸಿದನಂತೆ.

ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಸೋಮವಾರ ನನ್ನ ಹತ್ತಿರವೇ ಬಂದು ಪಿನ್ನು ಕೇಳಿದೆ. ನನ್ನ ಕಡೆಗೇ ಬೆನ್ನು ಕೊಟ್ಟು ನಿಂತೆ. ನಾನು ಪಿನ್ನು ಚುಚ್ಚುವಾಗ ನೀನು ಏನು ಯೋಚಿಸುತ್ತಿದ್ದೆಯೋ. ನಾನಾಗಿ ಬಾಯಿ ಬಿಡುತ್ತೇನಾ ಅಂತ ಕಾಯುತ್ತಿದ್ದೆಯಾ? ಎರಡು ಬೀದಿ ಆಚೆ ನನ್ನ ಬೀರುವಿನಲ್ಲಿ ನಿನ್ನ ರವಿಕೆ ಇತ್ತು, ಓಡಿ ಹೋಗಿ ತರಲು ಹತ್ತು ನಿಮಿಷ ಸಾಕಿತ್ತು. ಪಾಠ ಶುರುವಾಗಲು ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆ ನೀನು ನನಗೆ ಕೊಟ್ಟದ್ದು ಅಂತ ಈಗ ಅನ್ನಿಸುತ್ತದೆ. ಅದನ್ನು ನೆನೆದರೆ ನಿನ್ನ ಸೀರೆ ಕಂಡಾಗ ಆಗಿದ್ದಕ್ಕಿಂತ ಹೆಚ್ಚು ಹೊಟ್ಟೆ ಉರಿಯುತ್ತದೆ. ಹಾಗೆ ನಿಲ್ಲುವುದಕ್ಕೆ ನನಗೆ ಬರುವುದಿಲ್ಲ.

ಒಂದೇ ಒಂದು ನನಗೆ ಅರ್ಥವಾಗದ್ದು. ಅಂಗಡಿಯವರೆಗೆ ಬಂದವಳು ನಮ್ಮ ಮನೆಗೆ ಬಂದು ಯಾಕೆ ಕೇಳಲಿಲ್ಲ?

ನಿನ್ನೆ ಮಹಾನಂದ ಮೇಡಂಗೆ ಇದೆಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ಅವರು ಕನ್ನಡಕ ತೆಗೆದಿಟ್ಟು, ಇದನ್ನು ಹರಿದು ಹಾಕಲಾ, ಮಂಡಳಿಗೆ ಕಳಿಸಲಾ ಅಂತ ಕೇಳಿದರು. ಕಳಿಸಿದರೆ ನನ್ನ ಸರ್ವಿಸ್ ಪುಸ್ತಕದಲ್ಲಿ ಇದು ನಿಲ್ಲುತ್ತದೆ ಅಂದರು. ಕಳಿಸಿ ಅಂದೆ. ನನ್ನ ಮುಂದೆಯೇ ಅಧ್ಯಕ್ಷರಿಗೆ ಫೋನ್ ಮಾಡಿ ಓದಿ ಹೇಳಿದರು. ಬರುವ ಗುರುವಾರ ನಿನ್ನ ಪಾಠವನ್ನು ಇನ್ನೊಂದು ಸಲ ನೋಡುತ್ತಾರೆ. ನನಗೆ ಮೆಮೊ ಬರುತ್ತದೆ. ಬರಲಿ. ನೀನು ಕ್ಷಮಿಸಿದರೂ ಬಿಟ್ಟರೂ ಗುರುವಾರ ಗುರುವಾರವೇ, ಅದಕ್ಕೂ ಇದಕ್ಕೂ ಗಂಟು ಹಾಕಬೇಡ.

ಈಗ ಕವರ್ ಬಿಚ್ಚು. ಮೂರೂ ಇವೆ. ಉಪ್ಪಿನಕಾಯಿಗೆ ಇನ್ನು ನಿನ್ನ ಡಬ್ಬಿಗೆ ಕೈ ಹಾಕುವುದಿಲ್ಲ, ನೀನೇ ತಳ್ಳಿದರೆ ಮಾತ್ರ.

ನಿನ್ನ ಪಕ್ಕದಲ್ಲಿ ಕೂರುವ
ಭಾಗ್ಯ

ತಾ.ಕ.: ಸಹಿ ಹಾಕಿ, ರವಿಕೆಗಳನ್ನು ಮಡಚಿ ಕವರಿಗೆ ಹಾಕುತ್ತಿದ್ದೆ. ಅತ್ತೆ ಸೊಪ್ಪಿನ ಮೊರ ಹಿಡಿದು ಒಳಗೆ ಬಂದವರು ಹೊಸ ಕಪ್ಪು ರವಿಕೆ ನೋಡಿ ನಿಂತರು.

"ಇದ್ನ ಹಾಕ್ಕೊಂಡು ಅವತ್ತು ಭಾನ್ವಾರ ಕನ್ನಡಿ ಮುಂದೆ ನಿಂತಿದ್ದೆಯಲ್ಲ, ಆಗ ಯಾರೋ ಒಬ್ಳು ಹೆಣ್ಮಗಳು ಗೇಟ್ ತಾವ ಬಂದಿದ್ಲು ಕಣವ್ವ. ಭಾಗ್ಯ ಹೊಸಾ ಕರೀ ರವಿಕೆ ಹಾಕ್ಕೊಂಡು ನೋಡ್ಕೋತಾವ್ಳೆ, ಕರೀಲಾ ಅಂದೆ. ಬ್ಯಾಡ ಬಿಡಿ, ಚೆನ್ನಾಗಿ ಕಾಣ್ತಾರಾ ಅಂದ್ಲು. ಬೋ ಚೆಂದ ಕಾಣ್ತಾಳೆ ಅಂದೆ. ಹಂಗಾದ್ರೆ ಇರ್ಲಿ ಅಂತ ಹೊಂಟೋದ್ಲು."

ಮುಟ್ಟದೆ ಇಟ್ಟೆ ಅಂತ ಮೇಲೆ ಬರೆದದ್ದು ಸುಳ್ಳು. ಅದನ್ನು ಹೊಡೆದು ಹಾಕಿಲ್ಲ, ಇರಲಿ. ನಿನ್ನ ಅಳತೆ ನನಗೆ ಸರಿಯಾಗಿ ಕೂರುತ್ತದೆ. ನನ್ನ ಮೂರು ರವಿಕೆಗಳೂ ಮಂಗಳವಾರ ಸಿಗುತ್ತವೆ. ಶುಕ್ರವಾರ ನಾನು ಶೀನಣ್ಣನಿಗೆ ಅಳತೆಗೆ ತೋರಿಸಿದ್ದು ನಿನ್ನ ಹಳೆಯ ಕಪ್ಪು ರವಿಕೆಯನ್ನೇ. ಗುರುವಾರ ನನ್ನ ಬ್ಯಾಗಿನಲ್ಲಿ ಒಂದು ಹೆಚ್ಚಿಗೆ ಇಟ್ಟುಕೊಂಡು ಬರುತ್ತೇನೆ. ಆರಾಧನಾ ಏನು ಚೆಲ್ಲಿದರೂ ಹೆದರಬೇಡ. ಕೈ ಎತ್ತಿ, ಹಲಗೆಯ ತುದಿಯಿಂದ ತುದಿಗೆ ಬರಿ.