ಗಾಜಿನ ಪೆಟ್ಟಿಗೆ ಸೇರಿದ ಸೌಟು

ಮಾರ್ಚ್ ೧೧, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಸೂಪು ಬಡಿಸಲು ಹೋದರೆ ಗೂಟದಲ್ಲಿ ಸೌಟೇ ಇಲ್ಲ!

ಅಜ್ಜಿಯ ಸೌಟು ಅದು. ಅವರೂ ನಮ್ಮಂತೆ ಈ ಕಾನ್ವೆಂಟಿನ ಸಿಸ್ಟರೇ, ಆದರೆ ಬಾಗಿಲಲ್ಲಿ ಸಾಲು ನಿಲ್ಲುವ ಬಡವರಿಗೆಲ್ಲ ಅಜ್ಜಿ. ಕೈಯಲ್ಲಿ ಕಸುವಿರುವವರೆಗೂ ಅದರಲ್ಲೇ ಬಡಿಸಿದರು. ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಈಗ ಅವರನ್ನು ಸಂತಳೆಂದು ಸಾರಿದ್ದಾರೆ. ಭಾನುವಾರ ಬಿಷಪ್ಪರು ಬರುತ್ತಾರಂತೆ. ಅದಕ್ಕೇ ಮದರ್ ಆ ಸೌಟನ್ನು ಒಯ್ದು, ಚಾಪೆಲ್ಲಿನ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಮಖಮಲ್ಲಿನ ಮೇಲೆ ಮಲಗಿಸಿದ್ದಾರೆ.

"ನಾನು ಯಾವುದ್ರಲ್ಲಿ ಬಡಿಸ್ಲಿ, ಮದರ್?"

"ಅದಿನ್ನು ಪವಿತ್ರ ವಸ್ತು ಕಣಮ್ಮ. ಬೇರೆ ಏನಾದ್ರೂ ಸಿಗುತ್ತೆ, ನೋಡು."

ಸಿಕ್ಕಿದ್ದು ಟೀ ಕಪ್ಪು. ಹಂಡೆಯೊಳಗೆ ಕೈ ಇಳಿಸಿ, ಬೆರಳು ಸುಟ್ಟುಕೊಂಡು ಬಡಿಸಿದೆ. ಸಾಲು ಕರಗಲೇ ಇಲ್ಲ. ಊರುಗೋಲಿನ ಮುದುಕ ತನ್ನ ಬಟ್ಟಲು ನೋಡಿಕೊಂಡು, "ಅಜ್ಜಿ ಸಂತಳಾದ್ಮೇಲೆ ನಮ್ ಪಾಲು ಕಮ್ಮಿಯಾಯ್ತಾ, ಸಿಸ್ಟರ್?" ಅಂದ. ನಗುತ್ತಲೇ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಜ್ಜಿ ಬದುಕಿದ್ದಾಗ ಇದೇ ಮದರ್ ಅವರಿಗೆ, "ಬಾಗಿಲಲ್ಲಿ ಸಂತೆ ನೆರೆಸ್ತೀರಾ?" ಎಂದು ಬೈದದ್ದನ್ನು ನಾನೇ ಕೇಳಿದ್ದೇನೆ. ಅಜ್ಜಿ ಹಂಡೆಗೆ ಇನ್ನಷ್ಟು ಬೇಳೆ ಸುರಿದಿದ್ದರು. ಆ ತಾಳ್ಮೆ ನನಗಿಲ್ಲ. ಸಂತಳಾಗುವ ಯೋಗವಂತೂ ಮೊದಲೇ ಇಲ್ಲ.

ಸಂಜೆ ಪ್ರಾರ್ಥನೆಯಾದ ಮೇಲೆ ಚಾಪೆಲ್ ಗುಡಿಸುವ ಸರದಿ ನನ್ನದಿತ್ತು. ಪೆಟ್ಟಿಗೆಗೆ ಬೀಗವಿರಲಿಲ್ಲ. ಸೌಟನ್ನು ಯಾರು ಕದಿಯುತ್ತಾರೆ ಅಂದುಕೊಂಡಿರಬೇಕು.

ಸೌಟು ಈಗ ಅಡುಗೆಮನೆಯ ಗೂಟದಲ್ಲಿದೆ. ಮಖಮಲ್ಲಿನ ಮೇಲೆ ಟೀ ಕಪ್ಪಿದೆ. ಬಂದವರು ಅದಕ್ಕೇ ಮೊಣಕಾಲೂರಲಿ.