ಕ್ಯಾಲೆಂಡರಿನ ಹಿಂಬದಿಯ ಹನ್ನೆರಡು ಪದ

ಮಾರ್ಚ್ 9, ಭಾನುವಾರ ಬೆಳಿಗ್ಗೆ

ನನ್ನ ಮೊಂಡಪ್ಪನಿಗೆ,

ಹೇಗಿದ್ದೀಯ ಎಂದು ಕೇಳಿದರೆ ‘ಇದ್ದೀನಿ’ ಎಂದಷ್ಟೇ ಹೇಳುವವನು ನೀನು, ಅದಕ್ಕೇ ಕೇಳುವುದಿಲ್ಲ. ಅತ್ತೆ ಹೇಗಿದ್ದಾರೆ? ಮೊಣಕಾಲು ನೋವು ಕಡಿಮೆಯಾಯಿತೇ? ಆ ಮನೆಯ ಕಿಟಕಿಯಿಂದ ಅವರಿಗೆ ಏನಾದರೂ ಕಾಣುತ್ತದೆಯೋ, ಇಲ್ಲ ಎದುರಿಗೆ ಬರೀ ಗೋಡೆಯೋ?

ಕಾಗದದಲ್ಲಿ ಬರೆದಿದ್ದಾಳೆ ಎಂದು ನಗಬೇಡ. ನಾವಿಬ್ಬರು ಯಾವ ಜಾಲದಲ್ಲಿ ಮಾತಿಗೆ ಕೂತರೂ ಎರಡನೇ ಸಾಲಿಗೆ ಆ ಜಾಲದ ಬಗ್ಗೆಯೇ ಜಗಳ ಶುರುವಾಗುತ್ತದೆ. ಅಂಚೆಯ ಬಗ್ಗೆ ನಿನಗಿನ್ನೂ ಯಾವ ಸಿದ್ಧಾಂತವೂ ಇದ್ದಂತಿಲ್ಲ.

ಈಗ ನನ್ನ ಮೇಜಿನ ಮೇಲಿರುವುದು ನರ್ಸ್‌ಗಳ ಸಂಘದ ಕೆಲಸ. ನಾಲ್ಕು ಸಾವಿರ ಜನ. ಇಷ್ಟು ವರ್ಷ ಒಂದು ದೊಡ್ಡ ಕಂಪನಿಯ ಜಾಲದಲ್ಲಿ ಗುಂಪು ಕಟ್ಟಿಕೊಂಡಿದ್ದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗುಂಪೇ ಇಲ್ಲ, ಕಾರಣ ಕೇಳಿದರೆ ಉತ್ತರ ಕೊಡುವವರೂ ಇಲ್ಲ. ಇನ್ನು ಮೇಲೆ ಯಾರೂ ಮುಚ್ಚಲಾಗದಂಥದ್ದು ಬೇಕು, ಯಾವ ಪ್ರೊಟೊಕಾಲ್, ಅಂದರೆ ಜಾಲ ಕಟ್ಟುವ ಯಾವ ಪದ್ಧತಿ, ಒಳ್ಳೆಯದು ಎಂದು ವರದಿ ಬರೆದುಕೊಡು ಎಂದಿದ್ದಾರೆ. ಈ ಪ್ರಶ್ನೆ ಕೇಳಿದಾಗ ನನಗೆ ಮೊದಲು ನೆನಪಾದದ್ದು ಉತ್ತರವಲ್ಲ, ನೀನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ವಾದಕ್ಕೆ ಸಿದ್ಧನಾಗುವ ರೀತಿ.

ಸಂಘದ ಕಾರ್ಯದರ್ಶಿ ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದ ಹೆಂಗಸು, ಸುತ್ತುಬಳಸಿ ಹೇಳಿದರೆ ಗಡಿಯಾರ ನೋಡುತ್ತಾರೆ. ಅವರಿಗೆ ಮೂರು ದಾರಿಗಳನ್ನು ಹೀಗೆ ಹೇಳಿದೆ. ಮೊದಲನೆಯದು ನನ್ನದು, ಮನೆಗಳ ದಾರಿ: ಸಣ್ಣ ಸಣ್ಣ ಸರ್ವರುಗಳು, ಪ್ರತಿಯೊಂದಕ್ಕೂ ಒಬ್ಬ ಯಜಮಾನಿ, ಒಂದು ಮನೆಯವರು ಇನ್ನೊಂದು ಮನೆಯವರ ಜೊತೆ ಮಾತಾಡಬಹುದು. ಪುಂಡರು ಬಂದರೆ ಯಜಮಾನಿ ಆಚೆ ಹಾಕುತ್ತಾಳೆ. ಆದರೆ ಆ ಮನೆಯೇ ಮುಚ್ಚಿತೋ, ನಿಮ್ಮನ್ನು ಹಿಂಬಾಲಿಸುವವರನ್ನು ಹೊಸ ಮನೆಗೆ ಕರೆದೊಯ್ಯಬಹುದು, ಬರೆದದ್ದೆಲ್ಲ ಹಿಂದೆಯೇ ಉಳಿಯುತ್ತದೆ. ಎರಡನೆಯದು ನಿನ್ನದು. ಮನೆಯೇ ಇಲ್ಲ, ಕೀಲಿಯೊಂದೇ. ಕೀಲಿ ಯಾರ ಕೈಯಲ್ಲಿದೆಯೋ ಅವರೇ ಆ ಮನುಷ್ಯ. ನಿಮ್ಮನ್ನು ಯಾರೂ ಹೊರಹಾಕಲಾರರು, ಕೀಲಿ ಕಳೆದರೆ ಯಾರೂ ಒಳಗೆ ಬಿಡಲಾರರು. ಮೂರನೆಯದು ಪೆಟ್ಟಿಗೆಯ ದಾರಿ: ನಿಮ್ಮ ಬರಹವೆಲ್ಲ ಒಂದು ಪೆಟ್ಟಿಗೆಯಲ್ಲಿ, ಬೇಸರವಾದರೆ ಹೊತ್ತುಕೊಂಡು ಬೇರೆಯವರಲ್ಲಿಗೆ ಹೋಗಬಹುದು. ಆದರೆ ಎಲ್ಲರ ಪೆಟ್ಟಿಗೆಯೂ ಎಲ್ಲರಿಗೂ ಕಾಣಬೇಕಾದರೆ ನಡುವೆ ಒಂದು ಭಾರಿ ನಿಲ್ದಾಣ ಬೇಕು, ಅದನ್ನು ನಡೆಸುವ ತಾಕತ್ತು ಸಾಮಾನ್ಯರಿಗಿಲ್ಲ.

ಅವರು ಎಲ್ಲ ಕೇಳಿಸಿಕೊಂಡು, ಅದೆಲ್ಲ ಇರ್ಲಿ ಕಣಮ್ಮ, ಡ್ಯೂಟಿ ಮುಗಿಸಿ ಸುಸ್ತಾಗಿ ಬಂದವಳು ಪಾಸ್‌ವರ್ಡ್ ಮರೆತರೆ ಯಾರಿಗೆ ಫೋನ್ ಮಾಡ್ಬೇಕು, ಅಷ್ಟು ಹೇಳು ಅಂದರು. ನಾವಿಬ್ಬರು ಆರು ವರ್ಷ ಎತ್ತು ಏರಿಗೆ ಕೋಣ ನೀರಿಗೆ ಎಂದು ಎಳೆದಾಡಿದ್ದೆಲ್ಲ ಈ ಒಂದು ಪ್ರಶ್ನೆಯೊಳಗೆ ಕೂತಿತ್ತು.

ಅಷ್ಟಕ್ಕೇ ನಿಂತಿದ್ದರೆ ನಿನಗೆ ಈ ಪತ್ರ ಬರುತ್ತಿರಲಿಲ್ಲ. ಹೊರಡುವಾಗ ಅವರು ಇದ್ದಕ್ಕಿದ್ದಂತೆ, ಬಸ್‌ಸ್ಟಾಪಿನ ಅಜ್ಜಿ ಅಂತ ಒಬ್ಬರು ಬರೀತಿದ್ರು, ನಿಮ್ಮ ಕಡೆಯವರಿಗೆ ಗೊತ್ತಾ, ಬದುಕಿದ್ದಾರಾ ಅಂತ ಕೇಳಿದರು. ಮಧ್ಯಾಹ್ನದ ಬಿಡುವಿನಲ್ಲಿ ಅವರು ಅದನ್ನು ವಾರ್ಡಿನ ರೋಗಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಹಳದಿ ಕೊಡೆಯವಳು ಇವತ್ತೂ ಬಸ್ಸು ತಪ್ಪಿಸಿಕೊಂಡಳು, ಬೇಕಂತಲೇ ಇರಬೇಕು, ಮುಂದಿನ ಬಸ್ಸಿಗೆ ಆ ಉದ್ದ ಮೂಗಿನವನು ಬರುತ್ತಾನಲ್ಲ ಎಂಬುದು ಅವರಿಗೆ ಬಾಯಿಪಾಠ. ಆ ಇಬ್ಬರಿಗೆ ಮದುವೆಯಾಯಿತೇ ಎಂದು ನನ್ನನ್ನು ಕೇಳಿದರು. ಆ ಅಜ್ಜಿ ನನ್ನ ಅತ್ತೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮರೆತಿಲ್ಲ ಕಣೋ, ಒಂದೂ ಮರೆತಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ಊರವರ ಮಾತಿಗೆ ತಂತಿ ಜೋಡಿಸಿದ ಅತ್ತೆಗೆ, ನಿವೃತ್ತಿಯಾದ ಮೇಲೆ ನೀನು ನಿನ್ನ ಜಾಲ ತೋರಿಸಿದೆ. ಕೀಲಿ ಎಂದರೆ ಸಾಲಾಗಿ ಹನ್ನೆರಡು ಪದ, ಅವನ್ನು ಹೇಳಿ ಬರೆಸಿದೆ. ಅವರು ಅಡುಗೆಮನೆಯ ಕ್ಯಾಲೆಂಡರಿನ ಒಂದು ಹಾಳೆಯ ಹಿಂದೆ ಬರೆದುಕೊಂಡು, ಕಣ್ಣೆದುರಿಗೇ ಇರುತ್ತೆ ಬಿಡು ಅಂದರು. ನಮ್ಮ ಕಿಟಕಿಯಿಂದ ಕಾಣುವ ಬಸ್‌ಸ್ಟಾಪಿನ ಬಗ್ಗೆ ಎರಡು ವರ್ಷ ದಿನಕ್ಕೊಂದು ಬರೆದರು. ಆಮೇಲೊಂದು ಜನವರಿಯಲ್ಲಿ ಫೋನು ಬಕೆಟ್ಟಿಗೆ ಬಿತ್ತು, ಅದರೊಳಗಿದ್ದ ಕೀಲಿಯೂ ಹೋಯಿತು, ಹಳೆಯ ಕ್ಯಾಲೆಂಡರು ಆಗಲೇ ಮೊಳೆಯಿಂದ ಇಳಿದಿತ್ತು. ಹೊಸ ಕೀಲಿಯಿಂದ ಬರೆಯತೊಡಗಿದಾಗ ಜನ ಅಜ್ಜಿಯ ಹೆಸರಲ್ಲಿ ಯಾಕಪ್ಪ ಆಟ ಆಡ್ತೀರಿ ಅಂತ ಬೈದರು. ಎಕ್ಸ್‌ಚೇಂಜಲ್ಲಿ ಹಲೋ ಅಂದ್ರೆ ಸಾಕು ನಾನು ಅಂತ ಗೊತ್ತಾಗ್ತಿತ್ತು, ಇಲ್ಲಿ ನಾನೇ ನಾನು ಅಂದ್ರೂ ನಂಬಲ್ಲವಲ್ಲ ಅಂದರು ಅತ್ತೆ. ವಾರದೊಳಗೆ ಬರೆಯುವುದನ್ನೇ ಬಿಟ್ಟರು.

ಅದನ್ನು ನಾನು ನಾವಿಬ್ಬರೂ ದುಡಿಯುತ್ತಿದ್ದ ಆಫೀಸಿನ ಮೀಟಿಂಗಿಗೆ ತೆಗೆದುಕೊಂಡು ಹೋದೆ. ಹದಿನಾಲ್ಕು ಜನರ ಎದುರಿಗೆ, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ, ನಿನ್ನ ಅಮ್ಮನ ಮೂಕತನವನ್ನು ನಿನ್ನ ವಿನ್ಯಾಸದ ವಿರುದ್ಧ ಪುರಾವೆಯಾಗಿ ಇಟ್ಟೆ. ಎಲ್ಲರೂ ತಲೆದೂಗಿದರು, ನನ್ನ ದಾರಿ ಗೆದ್ದಿತು. ನೀನು ಲ್ಯಾಪ್‌ಟಾಪ್ ಮುಚ್ಚಿದೆ. ಅದೇ ವರ್ಷದ ಮಾರ್ಚಿನಲ್ಲಿ ನೀನು ಅತ್ತೆಯನ್ನು ಕರೆದುಕೊಂಡು ಮನೆ ಬಿಟ್ಟು ಹೊರಟೆ. ತಪ್ಪು ನನ್ನದು. ವಾದದಲ್ಲಿ ನಾನು ಹೇಳಿದ್ದು ಸರಿಯಿದ್ದಿರಬಹುದು, ಅದನ್ನು ಅಲ್ಲಿ, ಹಾಗೆ ಹೇಳಿದ್ದು ಮಾತ್ರ ತಪ್ಪು. ಇದನ್ನು ಒಂದು ವರ್ಷದ ಹಿಂದೆಯೇ ಹೇಳಬೇಕಿತ್ತು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ನೀನೊಬ್ಬನೇ ಎಂದುಕೊಂಡಿದ್ದೆ.

ಈಗ ಅಸಲು ವಿಷಯ. ಕೀಲಿ ಸಿಕ್ಕಿದೆ.

ಗುರುವಾರ ಬೀರುವಿನ ಖಾನೆಗಳಿಗೆ ಹೊಸ ಕಾಗದ ಹಾಸಲು ಹಳೆಯದನ್ನು ಎಳೆದೆ. ಕ್ಯಾಲೆಂಡರಿನ ದಪ್ಪ ಹಾಳೆಗಳು, ಆ ಜನವರಿಯಲ್ಲಿ ನಾನೇ ಕತ್ತರಿಸಿ ಹಾಸಿದ್ದು, ಯೋಚನೆಯೇ ಇಲ್ಲದೆ. ಮೂರನೇ ಖಾನೆಯ ಹಾಳೆಯ ಹಿಂದೆ ಅತ್ತೆಯ ದುಂಡು ಅಕ್ಷರದಲ್ಲಿ ಹನ್ನೆರಡು ಪದ, ಒಂದೊಂದಕ್ಕೂ ನಂಬರು ಹಾಕಿ. ಬೆಣ್ಣೆ ಕೈಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತಾಯಿತು ನಮ್ಮ ಕಥೆ. ಅದರ ಮೇಲೆ ನಿನ್ನ ಸ್ವೆಟರುಗಳಿದ್ದವು. ಇನ್ನೂ ಇವೆ.

ಮನೆಯಲ್ಲಿ ಹೆಚ್ಚೇನೂ ಬದಲಾಗಿಲ್ಲ. ಎದುರುಬದುರು ಹಾಕಿದ್ದ ಮೇಜುಗಳು ಹಾಗೆಯೇ ಇವೆ. ಬರೆದ ಕೋಡನ್ನು ಈಗಲೂ ಗಟ್ಟಿಯಾಗಿ ಓದುತ್ತೇನೆ, ನಿನ್ನ ತಕರಾರು ಬರುವ ಜಾಗದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾರೂ ಏನೂ ಅನ್ನುವುದಿಲ್ಲ. ತಪ್ಪುಗಳು ಹಾಗೇ ದಾಟಿಹೋಗುತ್ತಿವೆ. ನೀನು ತಿಂಗಳಿಗೊಮ್ಮೆ ಫೋನ್ ಮಾಡಿ, ಆ ಕ್ಯಾಲೆಂಡರು ಎಲ್ಲಾದರೂ ಕಂಡಿತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆಯಲ್ಲ, ಅದು ಡಿಸೆಂಬರಿಗೆ ನಿಂತಿತು. ಆ ಒಂದೂವರೆ ನಿಮಿಷವೂ ಇಲ್ಲದ ಮೇಲೆ ಈ ಮನೆ ಎಷ್ಟು ದೊಡ್ಡದು ಅಂತ ತಿಳಿಯಿತು. ನಿನ್ನ ನೆನಪು ಬರುತ್ತದೆ ಎಂದರೆ ಸುಳ್ಳು, ಅದು ಹೋದರೆ ತಾನೇ ಬರುವುದು.

ವರದಿಯಲ್ಲಿ ಸಂಘಕ್ಕೆ ಮನೆಗಳ ದಾರಿಯನ್ನೇ ಹೇಳಿದ್ದೇನೆ, ಹುಬ್ಬು ಗಂಟಿಕ್ಕಬೇಡ. ಮರೆತವಳಿಗೆ ಫೋನ್ ಎತ್ತುವ ಒಂದು ಜೀವ ಬೇಕು. ಆದರೆ ಮನೆ ಮುಚ್ಚಿದರೂ ಬರಹ ಹೊಸ ಮನೆಯಲ್ಲಿ ಬರೆದವಳದೇ ಆಗಿ ಉಳಿಯುವಂತೆ, ಪ್ರತಿಯೊಬ್ಬಳ ಬರಹಕ್ಕೂ ಅವಳದೇ ಕೀಲಿಯ ಸಹಿ ಇರಲಿ ಎಂದು ಸೇರಿಸಿದೆ. ನೀನು ಹಿಂದೊಮ್ಮೆ ಹೇಳಿದ್ದನ್ನೂ ಸೇರಿಸಿದೆ: ಕೀಲಿಯನ್ನು ಮೂರು ಚೂರು ಮಾಡಿ ನಂಬಿಕೆಯ ಮೂವರಲ್ಲಿ ಇಡುವುದು, ಇಬ್ಬರು ಸೇರಿದರೆ ಕಳೆದದ್ದು ಮರಳುತ್ತದೆ ಎಂದು. ಅತ್ತೆಯ ಕೀಲಿಯನ್ನೂ ಹಾಗೆ ಇಡೋಣ ಎಂದು ನೀನು ಮೂರು ಹೆಸರು ಬರೆದಾಗ ನಾನು ನಕ್ಕು, ಇದು ಕೆಲಸಕ್ಕೆ ಬಾರದ ಉಪಾಯ ಅಂದಿದ್ದೆ. ವರದಿಯ ಕೊನೆಯಲ್ಲಿ, ಈ ಉಪಾಯ ನನ್ನದಲ್ಲ ಎಂದು ಬರೆದಿದ್ದೇನೆ.

ಕೀಲಿಯನ್ನು ಅಂಚೆಯಲ್ಲಿ ಕಳಿಸಬಾರದು, ಫೋಟೊ ತೆಗೆಯಬಾರದು ಎಂದು ಕಲಿಸಿದವನು ನೀನೇ. ಆದ್ದರಿಂದ ಮುಂದಿನ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ನಾನೇ ತರುತ್ತೇನೆ, ಅತ್ತೆಯ ಕೈಗೇ ಕೊಡುತ್ತೇನೆ. ಆ ಇಬ್ಬರಿಗೆ ಮದುವೆಯಾಯಿತೇ ಎಂಬ ಕಾರ್ಯದರ್ಶಿಯ ಪ್ರಶ್ನೆಗೂ ಅವರೇ ಉತ್ತರ ಬರೆಯಲಿ. ಎರಡು ಸ್ವೆಟರು ತರಲೇ, ಇಲ್ಲ ಇಲ್ಲೇ ಇರಲಿಯೇ? ಇಲ್ಲೇ ಇರಲಿ ಅನ್ನುವುದು ನನ್ನ ಆಸೆ.

ಇಂತಿ,
ಈಗ ವಾದಕ್ಕೆ ಯಾರೂ ಸಿಗದ ನಿನ್ನ
ತಕರಾರಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ಬಿಟ್ಟದ್ದು. ಗುರುವಾರ ಎಂದದ್ದು ಸುಳ್ಳು. ಆ ಹಾಳೆ ಸಿಕ್ಕಿದ್ದು ಹೋದ ಏಪ್ರಿಲ್‌ನಲ್ಲಿ, ನೀನು ಹೋದ ಮೂರನೇ ವಾರ, ನಿನ್ನ ಸ್ವೆಟರುಗಳನ್ನು ತೆಗೆದು ಮತ್ತೆ ಮಡಿಸಿಡುತ್ತಿದ್ದಾಗ. ಅದರ ಮಾರನೇ ದಿನವೇ ನೀನು ಮೊದಲ ಸಲ ಫೋನ್ ಮಾಡಿ ಕ್ಯಾಲೆಂಡರು ಕಂಡಿತಾ ಅಂದೆ. ಹಾಳೆ ನನ್ನ ಕೈಯಲ್ಲೇ ಇತ್ತು. ಇಲ್ಲ ಅಂದೆ. ಹೂಂ ಅಂದುಬಿಟ್ಟಿದ್ದರೆ ನೀನು ಇನ್ನೊಂದು ಸಲ ಫೋನ್ ಮಾಡಲು ಕಾರಣವೇ ಇರುತ್ತಿರಲಿಲ್ಲ. ಹಾಗೆ ಒಂಬತ್ತು ಸಲ ಇಲ್ಲ ಅಂದೆ, ಅಷ್ಟೂ ದಿನ ಅತ್ತೆ ಮಾತಿಲ್ಲದೆ ಕೂತರು. ನಿನ್ನ ಆ ಮೂವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇತ್ತು. ಇದನ್ನು ಓದಿದ ಮೇಲೆ ಬಾಗಿಲು ತೆಗೆಯುತ್ತೀಯೋ ಇಲ್ಲವೋ, ನಿನಗೆ ಬಿಟ್ಟದ್ದು. ಭಾನುವಾರ ನಾನಂತೂ ಬೆಲ್ ಒತ್ತುತ್ತೇನೆ.